ರೋಹಿಣಿ ಮಳೆಗೆ ಮುಂಚಿನ ಧಗೆಯಲ್ಲಿ ಮಲಗುವ ಕೋಣೆ: ಗಾಳಿ ಎಲ್ಲಿಂದ ಬರಬೇಕು, ಎಷ್ಟು ಬರಬೇಕು?

ಉಣಕಲ್ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಈಗ 72 ವರ್ಷ. ಹಾವೇರಿ ಕಡೆಯ ಹಳ್ಳಿಯೊಂದರ ಮಣ್ಣಿನ ಮಾಳಿಗೆ ಮನೆಯಲ್ಲಿ ಆಯುಷ್ಯವನ್ನೆಲ್ಲ ಕಳೆದವರು, ಎರಡು ವರ್ಷಗಳಿಂದ ನಮ್ಮ ಜೊತೆ ಹುಬ್ಬಳ್ಳಿಯಲ್ಲಿದ್ದಾರೆ. ನಮ್ಮದು ಮೊದಲ ಮಹಡಿಯ ಮನೆ. ಅವರು ಮಲಗುವ ಕೋಣೆಯ ನೆತ್ತಿಯ ಮೇಲೆ ನೇರವಾಗಿ ಸ್ಲ್ಯಾಬ್ ಇದೆ, ಅದರ ಮೇಲೆ ಬಿಸಿಲು ಬಿಟ್ಟರೆ ಬೇರೇನೂ ಇಲ್ಲ.

ಎಪ್ರಿಲ್ ತಿಂಗಳಿನಲ್ಲಿ ನಮಗೆ ಅಷ್ಟು ಕಷ್ಟವಾಗಲಿಲ್ಲ. ಕೂಲರ್ ಹಚ್ಚಿದರೆ ಮಧ್ಯಾಹ್ನ ಅವ್ವ ಎರಡು ತಾಸು ಚೆನ್ನಾಗಿ ಮಲಗುತ್ತಿದ್ದರು. ಆದರೆ ಮೇ ತಿಂಗಳಿನಲ್ಲಿ ಎರಡು ಅಡ್ಡಮಳೆ ಬಿದ್ದ ಮೇಲೆ ಎಲ್ಲವೂ ಬದಲಾಯಿತು. ಬಿಸಿಲು ಕಡಿಮೆಯಾಗಿದ್ದರೂ ಮೈಯೆಲ್ಲ ಅಂಟು, ಹಾಸಿಗೆ ತೇವ, ಕೂಲರ್ ಹಚ್ಚಿದಷ್ಟೂ ಉಸಿರು ಕಟ್ಟಿದಂತಾಗುತ್ತದೆ ಎಂದು ಅವರು ಹೇಳುತ್ತಾರೆ. ಏಸಿ ಹಾಕಿಸೋಣವೆಂದರೆ ಮೊಣಕಾಲು ಹಿಡಿಯುತ್ತದೆಂದು ಒಪ್ಪುವುದಿಲ್ಲ, ಕಿಟಕಿ ಬಾಗಿಲು ಮುಚ್ಚಿಕೊಂಡು ಮಲಗುವುದೇ ಅವರಿಗೆ ಸೇರುವುದಿಲ್ಲ. ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೂ ಬೆನ್ನು ಒದ್ದೆಯಾಗಿಯೇ ಇರುತ್ತದೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಕೂರುತ್ತಾರೆ.

ಕೋಣೆಯನ್ನು ತಣ್ಣಗೆ ಮಾಡದೆ ಗಾಳಿಯ ಓಡಾಟದಿಂದಲೇ ಅವರಿಗೆ ನೆಮ್ಮದಿಯ ನಿದ್ದೆ ಕೊಡಲು ಸಾಧ್ಯವೇ, ಸಾಧ್ಯವಿದ್ದರೆ ನಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಬೆಟಗೇರಿಯ ಶಿಕ್ಷಕ, ಗದಗ

ಅವ್ವನವರ ಮಾತು ಸರಿಯಾಗಿದೆ, ಕೂಲರ್ ಕೆಟ್ಟಿಲ್ಲ, ಹವಾಮಾನ ಬದಲಾಗಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವಿಷಯವನ್ನು ಅಂಕಿಗಳಿಟ್ಟುಕೊಂಡು ನೋಡಿದರೆ ಬೇಗ ಸ್ಪಷ್ಟವಾಗುತ್ತದೆ.

ಎಪ್ರಿಲ್‌ನ ಒಂದು ಮಧ್ಯಾಹ್ನ ಗಾಳಿಯ ಉಷ್ಣತೆ 38 ಡಿಗ್ರಿ, ತೇವಾಂಶ ಶೇಕಡಾ 25 ಇದೆ ಎಂದುಕೊಳ್ಳಿ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಅಂಥ ಗಾಳಿಯಲ್ಲಿ ಸುಮಾರು 23 ಡಿಗ್ರಿ ತೋರಿಸುತ್ತದೆ. ಕೂಲರ್ ಗಾಳಿಯನ್ನು ತಂಪು ಮಾಡುವುದು ಈ 38 ಮತ್ತು 23ರ ನಡುವಿನ ಅಂತರವನ್ನು ಬಳಸಿಕೊಂಡು. ಆ ಅಂತರದ ಶೇಕಡಾ 70ರಷ್ಟನ್ನು ಇಳಿಸಿದರೂ ಹೊರಬರುವ ಗಾಳಿ 27–28 ಡಿಗ್ರಿಗೆ ಬರುತ್ತದೆ, ಹಾಗಾಗಿ ಗದಗದ ಒಣ ಬೇಸಿಗೆಯಲ್ಲಿ ಕೂಲರ್ ನಿಜವಾಗಿಯೂ ಒಳ್ಳೆಯ ಯಂತ್ರ. ಈಗ ಅಡ್ಡಮಳೆಯ ಮರುದಿನವನ್ನು ನೋಡೋಣ. ಉಷ್ಣತೆ 32 ಡಿಗ್ರಿ, ತೇವಾಂಶ ಶೇಕಡಾ 75. ಒದ್ದೆ ಉಷ್ಣಮಾಪಕ 28ರ ಮೇಲೆ ಇರುತ್ತದೆ. ಅದೇ ಕೂಲರ್ 32ನ್ನು 29 ಚಿಲ್ಲರೆಗೆ ಇಳಿಸುತ್ತದೆ, ಆದರೆ ಅದಕ್ಕಾಗಿ ಗಾಳಿಯ ತೇವಾಂಶವನ್ನು ಶೇಕಡಾ 90ರ ಆಸುಪಾಸಿಗೆ ಏರಿಸುತ್ತದೆ. ಮೂರು ಡಿಗ್ರಿಯ ಲಾಭಕ್ಕಾಗಿ ಬೆವರು ಆರುವ ದಾರಿಯನ್ನೇ ಮುಚ್ಚಿದಂತಾಯಿತು. ಅಂಥ ದಿನ ಕೂಲರ್‌ನ ನೀರಿನ ಪಂಪನ್ನು ನಿಲ್ಲಿಸಿ ಬರೀ ಫ್ಯಾನನ್ನು ಓಡಿಸಿದರೆ ಹೆಚ್ಚು ಹಿತವಾಗುತ್ತದೆ.

ಬೆವರು ಆರುವುದು ಏಕೆ ಇಷ್ಟು ಮುಖ್ಯ? ಸುಮ್ಮನೆ ಕುಳಿತ ದೇಹ ಸುಮಾರು 100 ವ್ಯಾಟ್, ನಿದ್ದೆಯಲ್ಲಿರುವ ದೇಹ ಸುಮಾರು 70 ವ್ಯಾಟ್ ಶಾಖವನ್ನು ಹೊರಹಾಕಲೇಬೇಕು. ಒಂದು ಗ್ರಾಂ ಬೆವರು ಚರ್ಮದ ಮೇಲೆಯೇ ಆರಿದರೆ ಸುಮಾರು 2400 ಜೂಲ್ ಶಾಖವನ್ನು ಒಯ್ಯುತ್ತದೆ. ಗಾಳಿ ಮೈಯಷ್ಟೇ ಬಿಸಿಯಾಗಿದ್ದು ಬೇರೆ ದಾರಿಯೇ ಇಲ್ಲವೆಂದಾದರೆ, ಮಲಗಿದವರಿಗೂ ತಾಸಿಗೆ ಸುಮಾರು 100 ಗ್ರಾಂ ಬೆವರು ಆರಬೇಕು. ಆರಬೇಕು ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ದಿಂಬಿಗೆ ಇಳಿದ ಬೆವರಿನಿಂದ, ಟವೆಲಿನಿಂದ ಒರೆಸಿದ ಬೆವರಿನಿಂದ ದೇಹಕ್ಕೆ ಸಿಗುವ ತಂಪು ಬಹಳ ಕಡಿಮೆ.

ಇನ್ನು ಗಾಳಿಯ ಪಾತ್ರ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ನೀರಾವಿಯ ಒತ್ತಡ ಸುಮಾರು 5.6 ಕಿಲೋಪಾಸ್ಕಲ್ ಇರುತ್ತದೆ. ಮೇಲೆ ಹೇಳಿದ ಎಪ್ರಿಲ್ ಗಾಳಿಯಲ್ಲಿ ಅದು 1.7, ಅಡ್ಡಮಳೆಯ ನಂತರದ ಗಾಳಿಯಲ್ಲಿ 3.6. ಬೆವರನ್ನು ಎಳೆದುಕೊಳ್ಳುವ ಅಂತರ ಮೊದಲನೆಯದರಲ್ಲಿ 3.9, ಎರಡನೆಯದರಲ್ಲಿ ಬರೀ 2. ಅಂದರೆ ಉಷ್ಣತೆ ಆರು ಡಿಗ್ರಿ ಇಳಿದಿದ್ದರೂ ಬೆವರು ಆರುವ ಶಕ್ತಿ ಅರ್ಧಕ್ಕೆ ಇಳಿದಿದೆ. ಆದರೆ ಮೈಗೆ ಹತ್ತಿಕೊಂಡು ನಿಂತ ತೇವದ ಪದರವನ್ನು ಸರಿಸಿ ಹೊಸ ಗಾಳಿಯನ್ನು ತರುವ ವೇಗ ಸೆಕೆಂಡಿಗೆ ಸುಮಾರು 0.8 ಮೀಟರ್ ಆದರೆ, ನಿಂತ ಗಾಳಿಗೆ ಹೋಲಿಸಿದಾಗ ಆರುವಿಕೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ತೇವ ಕಿತ್ತುಕೊಂಡದ್ದನ್ನು ಗಾಳಿ ಹಾಗೆ ಮರಳಿ ಕೊಡುತ್ತದೆ. ಒಣ ಬೇಸಿಗೆಯಲ್ಲಿ ಫ್ಯಾನ್ ಒಂದು ಅನುಕೂಲ ಮಾತ್ರ, ಧಗೆಯ ದಿನಗಳಲ್ಲಿ ಅದೇ ಮುಖ್ಯ ಸಾಧನ.

ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ತಾನು ತಿನ್ನುವ ವಿದ್ಯುತ್ತಿನಷ್ಟು ಶಾಖವನ್ನು ಕೋಣೆಗೇ ಸೇರಿಸುತ್ತದೆ. ಗಾಳಿ ಮೈಗೆ ತಾಗಿದರೆ ಮಾತ್ರ ಉಪಯೋಗ. ಆದ್ದರಿಂದ ಅವ್ವನವರ ಹಾಸಿಗೆ ಫ್ಯಾನಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ದಯವಿಟ್ಟು ಅಳೆದು ತಿಳಿಸಿ.

ಸಪ್ತಾಪುರದವರು, ಧಾರವಾಡ

ಧಾರವಾಡದಲ್ಲಿ ಸಂಜೆಯ ಪಡುವಣ ಗಾಳಿ ಇನ್ನೂ ಇದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಪಶ್ಚಿಮದ ಕಿಟಕಿಗಳನ್ನು ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ತೆರೆಯುತ್ತೇವೆ. ಎದುರಿನ ಗೋಡೆಯಲ್ಲಿಯೂ ಒಂದು ಕಿಟಕಿ ಅಥವಾ ಬಾಗಿಲು ತೆರೆದಿರಬೇಕು, ಹೋಗಲು ದಾರಿಯಿಲ್ಲದ ಗಾಳಿ ಒಳಗೆ ಬರುವುದೂ ಇಲ್ಲ. ಸೊಳ್ಳೆಯ ಜಾಳಿಗೆಯನ್ನು ತಿಂಗಳಿಗೊಮ್ಮೆ ತೊಳೆಯಿರಿ, ಧೂಳು ಕೂತ ಜಾಳಿಗೆ ಅರ್ಧ ಗಾಳಿಯನ್ನು ಅಲ್ಲಿಯೇ ತಡೆಯುತ್ತದೆ.

ವೈರಿಂಗ್ ಕೆಲಸದವ, ಹಳೇ ಹುಬ್ಬಳ್ಳಿ

ಮಾಸ್ತರರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ಮನೆಗಳಿಗೆ ಫ್ಯಾನ್ ಹಾಕುತ್ತಿದ್ದೇನೆ. ಹತ್ತು ಮನೆಗಳಲ್ಲಿ ಎಂಟರಲ್ಲಿ ಫ್ಯಾನ್ ಕೋಣೆಯ ನಟ್ಟನಡುವೆ ಇರುತ್ತದೆ, ಮಂಚ ಗೋಡೆಗೆ ಒತ್ತಿಕೊಂಡಿರುತ್ತದೆ. ಸ್ಲ್ಯಾಬ್ ಹಾಕುವಾಗಲೇ ಕೊಂಡಿಯನ್ನು ನಡುವೆ ಬಿಡುವುದು ರೂಢಿ, ಮಲಗುವವರು ಎಲ್ಲಿ ಮಲಗುತ್ತಾರೆಂದು ಆಗ ಯಾರೂ ಕೇಳುವುದಿಲ್ಲ. ಸೀಲಿಂಗ್ ಫ್ಯಾನಿನ ಜೋರಾದ ಗಾಳಿ ಅದರ ರೆಕ್ಕೆಗಳ ಸುತ್ತಳತೆಯ ಕೆಳಗೆ ಬೀಳುತ್ತದೆ. 48 ಇಂಚಿನ ಫ್ಯಾನ್ ಆದರೆ ನಡುವಿನಿಂದ ಎರಡು ಅಡಿ. ಆ ವರ್ತುಲವನ್ನು ದಾಟಿದ ಕೂಡಲೇ ವೇಗ ಬಹಳ ಕಡಿಮೆಯಾಗುತ್ತದೆ, ನೆಲಕ್ಕೆ ಬಡಿದು ಹರಡಿದ ಗಾಳಿ ಮಂಚದ ಕೆಳಗೆ ಹೋಗುತ್ತದೆಯೇ ಹೊರತು ಮಂಚದ ಮೇಲಿರುವವರಿಗೆ ಸಿಗುವುದಿಲ್ಲ. ಮಂಚವನ್ನು ಸರಿಸುವುದು ಒಂದು ಪೈಸೆಯೂ ಖರ್ಚಿಲ್ಲದ ಕೆಲಸ, ಮೊದಲು ಅದನ್ನು ಮಾಡಿ. ಎದೆ ಮತ್ತು ಹೊಟ್ಟೆಯ ಭಾಗ ರೆಕ್ಕೆಯ ಕೆಳಗೆ ಬರಲಿ, ಮುಖ ಸ್ವಲ್ಪ ಹೊರಗಿರಲಿ, ವಯಸ್ಸಾದವರಿಗೆ ಕಣ್ಣು ಗಂಟಲು ಒಣಗುವುದಿಲ್ಲ.

ಎರಡನೆಯದು ಎತ್ತರ. ರೆಕ್ಕೆಗಳು ಸ್ಲ್ಯಾಬಿಗೆ ಒಂದು ಅಡಿಗಿಂತ ಹತ್ತಿರ ಇರಬಾರದು, ಇದ್ದರೆ ಫ್ಯಾನಿಗೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಜಾಗ ಸಾಲುವುದಿಲ್ಲ. ನೆಲದಿಂದ ಎಂಟು ಅಡಿಯ ಮೇಲಿರಬೇಕು, ಕೈಯೆತ್ತಿದರೆ ತಾಗಬಾರದು. ಹತ್ತು ಹನ್ನೊಂದು ಅಡಿ ಎತ್ತರದ ಕೋಣೆಯಲ್ಲಿ ಡೌನ್ ರಾಡ್, ಅಂದರೆ ಫ್ಯಾನ್ ತೂಗುವ ಕಂಬಿ, ಬದಲಿಸಿ ಸ್ವಲ್ಪ ಇಳಿಸಿದರೆ ಹಾಸಿಗೆಗೆ ಬರುವ ಗಾಳಿ ತಕ್ಷಣ ಗೊತ್ತಾಗುವಷ್ಟು ಹೆಚ್ಚುತ್ತದೆ.

ಮೂರನೆಯದು ಕಂಡೆನ್ಸರ್, ಅಂದರೆ ಮೋಟಾರ್ ತಿರುಗಲು ನೆರವಾಗುವ ಬಿಡಿಭಾಗ. ಫ್ಯಾನ್ ನಾಲ್ಕೈದು ವರ್ಷ ಹಳೆಯದಾಗಿದ್ದು ಪೂರ್ತಿ ವೇಗದಲ್ಲಿಯೂ ಮಂದವಾಗಿ ತಿರುಗುತ್ತಿದ್ದರೆ ಜನ ಮೋಟಾರ್ ಹೋಯಿತೆಂದು ತಿಳಿಯುತ್ತಾರೆ. ಬಹಳ ಸಲ ಹೋಗಿರುವುದು 2.5 ಮೈಕ್ರೋಫ್ಯಾರಡ್‌ನ ಆ ಚಿಕ್ಕ ಕಂಡೆನ್ಸರ್. ಅದನ್ನು ಬದಲಿಸಿದರೆ ಫ್ಯಾನ್ ಹೊಸದರಂತೆ ತಿರುಗುತ್ತದೆ. ಸ್ವಿಚ್ ಆರಿಸಿದರೂ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರುವ ಸಾಧ್ಯತೆ ಇರುವುದರಿಂದ ತಿಳಿದವರಿಂದಲೇ ಮಾಡಿಸಿ. ರೆಕ್ಕೆಯ ಅಂಚಿನ ಧೂಳನ್ನೂ ಒರೆಸಿ.

ಹೊಸ ಫ್ಯಾನ್ ಕೊಳ್ಳುವುದಾದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನದು, ಅಂದರೆ ಬಿಎಲ್‌ಡಿಸಿ ಕೊಳ್ಳಿ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಇದು 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ವಿದ್ಯುತ್ ಉಳಿತಾಯದ ಸ್ಟಾರ್ ಗುರುತು ಕಡ್ಡಾಯವಾಗಿದೆ. ಸ್ಟಾರ್ ಜೊತೆಗೆ ಡಬ್ಬಿಯ ಮೇಲೆ ಬರೆದಿರುವ ಗಾಳಿಯ ಪ್ರಮಾಣವನ್ನೂ ನೋಡಿ, ನಿಮಿಷಕ್ಕೆ 210 ಘನ ಮೀಟರಿಗಿಂತ ಕಡಿಮೆಯದು 48 ಇಂಚಿನ ಫ್ಯಾನಿನಲ್ಲಿ ಬೇಡ. ಕರೆಂಟ್ ಹೋದ ರಾತ್ರಿ ಇದರ ಬೆಲೆ ತಿಳಿಯುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಿಂದ ಬಳಸಲು ಸಿಗುವುದು 1100 ವ್ಯಾಟ್-ಅವರ್ ಎಂದುಕೊಂಡರೂ ಎರಡು ಹಳೆಯ ಫ್ಯಾನ್ ಏಳು ತಾಸು ತಿರುಗುತ್ತವೆ, ಎರಡು ಬಿಎಲ್‌ಡಿಸಿ ಫ್ಯಾನ್ ಹದಿನೆಂಟು ತಾಸು ತಿರುಗುತ್ತವೆ.

ಉಣಕಲ್ ನಿವಾಸಿ, ಹುಬ್ಬಳ್ಳಿ

ಈಗಲೇ ಅಳೆದು ನೋಡಿದೆ. ಫ್ಯಾನಿನ ನಡುವಿನಿಂದ ಅವ್ವನ ದಿಂಬಿಗೆ ಆರು ಅಡಿ, ಸೊಂಟದ ಭಾಗಕ್ಕೆ ನಾಲ್ಕೂವರೆ ಅಡಿ ಇದೆ. ಎರಡು ವರ್ಷ ಅವರು ಫ್ಯಾನಿದ್ದ ಕೋಣೆಯಲ್ಲಿ ಫ್ಯಾನಿಲ್ಲದವರಂತೆ ಮಲಗಿದ್ದಾರೆಂದು ತಿಳಿದು ಬಹಳ ನೋವಾಯಿತು. ಮಂಚವನ್ನು ಇವತ್ತೇ ಸರಿಸುತ್ತೇನೆ, ಕಪಾಟಿನ ಬಾಗಿಲು ಪೂರ್ತಿ ತೆರೆಯದಿದ್ದರೂ ಚಿಂತೆಯಿಲ್ಲ.

ಕಾರವಾರದಿಂದ ಬಂದ ಸೊಸೆ, ಧಾರವಾಡ

ಬೆನ್ನು ಒದ್ದೆಯಾಗುತ್ತದೆ ಎಂದು ಬರೆದಿದ್ದೀರಿ, ಆ ಮಾತಿಗೆ ಇನ್ನೂ ಯಾರೂ ಉತ್ತರಿಸಿಲ್ಲ. ನಾನು ಹುಟ್ಟಿ ಬೆಳೆದದ್ದು ಕಾರವಾರದಲ್ಲಿ. ನಿಮಗೆ ಮೂರು ವಾರ ಬರುವ ಧಗೆ ನಮಗೆ ಮಾರ್ಚಿಯಿಂದ ಮಳೆಗಾಲದವರೆಗೆ ದಿನನಿತ್ಯದ್ದು. ಮದುವೆಯಾಗಿ ಧಾರವಾಡಕ್ಕೆ ಬಂದ ಮೊದಲ ವರ್ಷ ಇಲ್ಲಿನ ಎಪ್ರಿಲ್ ನನಗೆ ಸುಖವೆನಿಸಿತ್ತು. ಅತ್ತೆಯವರು ಬಿಸಿಲಿಗೆ ಬಳಲುತ್ತಿದ್ದರೆ ನಾನು ಬಟ್ಟೆ ಇಷ್ಟು ಬೇಗ ಒಣಗುತ್ತದಲ್ಲ ಎಂದು ಸಂತೋಷಪಡುತ್ತಿದ್ದೆ. ಬಟ್ಟೆ ಒಣಗುವ ಊರಿನಲ್ಲಿ ಮೈಯೂ ಒಣಗುತ್ತದೆ, ಕರಾವಳಿಯಲ್ಲಿ ಎರಡೂ ಒಣಗುವುದಿಲ್ಲ.

ಮಲಗಿದವರ ಮೈಯ ದೊಡ್ಡ ಭಾಗ ಹಾಸಿಗೆಗೆ ಅಂಟಿಕೊಂಡಿರುತ್ತದೆ. ಆ ಭಾಗಕ್ಕೆ ಯಾವ ಫ್ಯಾನೂ ಗಾಳಿ ಕೊಡಲಾರದು. ದಪ್ಪ ಫೋಮಿನ ಗಾದಿಯಲ್ಲಿ ಮೈ ಹುದುಗಿಕೊಂಡರೆ ಪಕ್ಕೆಗಳಿಗೂ ಗಾಳಿ ತಾಗುವುದಿಲ್ಲ, ಅದರ ಮೇಲೆ ಪಾಲಿಯೆಸ್ಟರ್ ಹೊದಿಕೆ ಇದ್ದರೆ ಬೆವರನ್ನು ಹೀರಿಕೊಳ್ಳುವುದೂ ಇಲ್ಲ. ನಮ್ಮ ತವರಿನಲ್ಲಿ ಸೆಕೆಗಾಲ ಬಂದರೆ ಗಾದಿಗಳನ್ನು ಅಟ್ಟಕ್ಕೆ ಹಾಕಿ, ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ವಸ್ತುವಿದೆ, ಅದು ಹಗ್ಗದ ಹೊರಸು. ನಮ್ಮ ಅತ್ತೆಯವರ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಹೊರಸಿಗೆ ಹೊಸ ನುಲಿ ಹೆಣೆಸಿ, ಅದರ ಮೇಲೆ ತೆಳ್ಳಗಿನ ಹತ್ತಿಯ ಜಮಖಾನೆ ಒಂದನ್ನೇ ಹಾಸಿದೆವು. ಮೇಲಿನಿಂದ ಫ್ಯಾನು, ಕೆಳಗೆ ಹೊರಸಿನ ಸಂದುಗಳಲ್ಲಿ ಓಡಾಡುವ ಗಾಳಿ. ನೆಲಕ್ಕೆ ಒಂದು ಟೇಬಲ್ ಫ್ಯಾನ್ ಇಟ್ಟು ಹೊರಸಿನ ಕೆಳಭಾಗಕ್ಕೆ ಗಾಳಿ ಹಾಯಿಸಿದ ದಿನ ಅತ್ತೆಯವರು ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದರು.

ನಿಮ್ಮ ಅವ್ವನವರಿಗೆ ಏಳಲು ಕೂರಲು ಹೊರಸು ತಗ್ಗಾದರೆ ಅಥವಾ ಸೊಂಟಕ್ಕೆ ಆಗದಿದ್ದರೆ ಮಂಚವೇ ಇರಲಿ, ಆದರೆ ಫೋಮ್ ತೆಗೆದು ಗಟ್ಟಿಯಾದ ಹತ್ತಿಯ ಗಾದಿ ಹಾಕಿ, ಮೇಲೆ ಹಳೆಯ ಮೆತ್ತಗಿನ ಹತ್ತಿ ಸೀರೆ ಹಾಸಿ. ಉಡುವುದೂ ಅದೇ ಬಗೆಯದಿರಲಿ, ಸಡಿಲವಾದ ತೆಳ್ಳಗಿನ ಹತ್ತಿಯ ಬಟ್ಟೆಯೊಳಗೆ ಗಾಳಿ ಸುಳಿಯುತ್ತದೆ, ಬಿಗಿಯಾದ ನೈಲಾನಿನೊಳಗೆ ಸುಳಿಯುವುದಿಲ್ಲ. ಮಗ್ಗುಲಾಗಿ ಮಲಗುವವರಿಗೆ ಬೆನ್ನಿಗೆ ತಾನಾಗಿ ಗಾಳಿ ಸಿಗುತ್ತದೆ.

ಇನ್ನು ಸೊಳ್ಳೆ ಪರದೆ. ಒತ್ತಾದ ಹೆಣಿಗೆಯ ಪರದೆ ಗಾಳಿಯ ವೇಗವನ್ನು ಬಹಳ ಕಡಿಮೆ ಮಾಡುತ್ತದೆ. ಹಾಗೆಂದು ಪರದೆ ಬಿಡಿ ಎಂದು ಹೇಳಲಾರೆ. ಪರದೆಯ ಒಳಗೆ ಗಾಳಿ ಸಾಲದಿದ್ದರೆ ಸ್ಟ್ಯಾಂಡ್ ಫ್ಯಾನನ್ನು ಪಕ್ಕದಿಂದ, ಪರದೆಗೆ ಹತ್ತಿರವಾಗಿ ಇಡಿ. ಪರದೆಯನ್ನು ಎತ್ತರವಾಗಿ ಚೌಕಾಕಾರದಲ್ಲಿ ಕಟ್ಟಿದರೆ ಮೈಗೆ ಅಂಟದೆ ಗಾಳಿ ಒಳಗೆ ತಿರುಗಾಡಲು ಜಾಗವಾಗುತ್ತದೆ.

ಹಾವೇರಿಯ ರೈತ

ಇಲ್ಲಿಯವರೆಗೆ ಎಲ್ಲರೂ ಗಾಳಿಯನ್ನು ಹೊಗಳಿದ್ದೀರಿ, ಆದ್ದರಿಂದ ನನ್ನ ಅನುಭವವನ್ನೂ ಹೇಳಬೇಕಾಗಿದೆ. ಹೋದ ವರ್ಷ ಎಪ್ರಿಲ್ ಕೊನೆಯಲ್ಲಿ ನಮ್ಮ ತಂದೆಯವರು ತಗಡಿನ ಮಾಡಿನ ಕೋಣೆಯಲ್ಲಿ ಮಧ್ಯಾಹ್ನ ಫ್ಯಾನ್ ಹಚ್ಚಿಕೊಂಡು ಮಲಗಿದ್ದರು. ತಗಡಿನ ಕೆಳಗಿನ ಗಾಳಿ ಒಲೆಯ ಮುಂದಿನ ಗಾಳಿಯಂತಿತ್ತು. ಫ್ಯಾನ್ ಅದನ್ನೇ ಅವರ ಮೈಮೇಲೆ ಸುರಿಯಿತು. ಮೂರು ಗಂಟೆಗೆ ನಾನು ಹೊಲದಿಂದ ಬಂದಾಗ ಅವರ ಮೈ ಸುಡುತ್ತಿತ್ತು, ಬೆವರಿರಲಿಲ್ಲ, ಮಾತು ತೊದಲುತ್ತಿತ್ತು. ಬೇವಿನ ಮರದ ಕೆಳಗೆ ಎತ್ತಿಕೊಂಡು ಹೋಗಿ, ಮೈಮೇಲೆ ಕೊಡಗಟ್ಟಲೆ ನೀರು ಹಾಕಿ ಆಸ್ಪತ್ರೆಗೆ ಒಯ್ದೆವು. ದೇವರ ದಯದಿಂದ ಉಳಿದರು. ಫ್ಯಾನ್ ಎಲ್ಲ ಹೊತ್ತಿನಲ್ಲೂ ಒಳ್ಳೆಯದೇ ಮಾಡುತ್ತದೆಂದು ಯಾರೂ ನಂಬಿ ಕೂರಬಾರದೆಂದು ಇದನ್ನು ಬರೆದಿದ್ದೇನೆ.

ಬೆಟಗೇರಿಯ ಶಿಕ್ಷಕ, ಗದಗ

ಇದನ್ನು ನಾನು ಮೊದಲೇ ಹೇಳಬೇಕಾಗಿತ್ತು, ತಾವು ಹೇಳಿದ್ದು ಒಳ್ಳೆಯದಾಯಿತು. ಮೈ ಸುಡುತ್ತಿದ್ದು ಮಾತು ತೊದಲಿದಾಗ ಮೊದಲು ನೀರು ಹಾಕಿ ತಣಿಸಿದ್ದು ಸರಿಯಾದ ಕ್ರಮ.

ಗಾಳಿಯ ಉಷ್ಣತೆ ಚರ್ಮದ 35 ಡಿಗ್ರಿಯನ್ನು ದಾಟಿದ ಮೇಲೆ ಫ್ಯಾನ್ ಎರಡು ಕೆಲಸ ಮಾಡುತ್ತದೆ. ಬೆವರನ್ನು ಆರಿಸಿ ಶಾಖವನ್ನು ಒಯ್ಯುತ್ತದೆ, ಜೊತೆಗೆ ಬಿಸಿ ಗಾಳಿಯನ್ನು ತಾಗಿಸಿ ಶಾಖವನ್ನು ತುಂಬುತ್ತದೆ. ಬೆವರು ಧಾರಾಳವಾಗಿ ಬರುವವರೆಗೆ ಒಯ್ಯುವುದೇ ಹೆಚ್ಚು, ಬೆವರು ಸಾಲದಾದಾಗ ತುಂಬುವುದು ಹೆಚ್ಚು. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಆರೋಗ್ಯವಂತ ಯುವಕರ ಮೇಲೆ ನಡೆಸಿದ ಪರೀಕ್ಷೆಯಲ್ಲಿ 40 ಡಿಗ್ರಿ ಉಷ್ಣತೆ ಮತ್ತು ಶೇಕಡಾ 50 ತೇವಾಂಶದಲ್ಲಿ ಫ್ಯಾನಿನಿಂದ ದೇಹಕ್ಕೆ ಲಾಭವಾಯಿತು, 47 ಡಿಗ್ರಿ ಮತ್ತು ಶೇಕಡಾ 10 ತೇವಾಂಶದಲ್ಲಿ ಹಾನಿಯಾಯಿತು. ಅಲ್ಲಿನ ತಂಡವೇ 2021ರಲ್ಲಿ ಲೆಕ್ಕ ಹಾಕಿ ಫ್ಯಾನ್ ಬಳಕೆಗೆ ಸರಳವಾದ ಮಿತಿಗಳನ್ನು ಸೂಚಿಸಿತು. ಆರೋಗ್ಯವಂತ ಯುವಜನರಿಗೆ 39 ಡಿಗ್ರಿ, 65 ವರ್ಷ ದಾಟಿದವರಿಗೆ 38 ಡಿಗ್ರಿ, ಬೆವರನ್ನು ತಗ್ಗಿಸುವ ಕೆಲವು ಬಗೆಯ ಔಷಧಿ ತೆಗೆದುಕೊಳ್ಳುವ ಹಿರಿಯರಿಗೆ 37 ಡಿಗ್ರಿ. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಮಂದವಾಗುತ್ತದೆ. ಅವ್ವನವರು ರಕ್ತದೊತ್ತಡಕ್ಕೆ, ಮೂತ್ರಕೋಶದ ತೊಂದರೆಗೆ ಅಥವಾ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಗೆ ಮುಂಚೆ ವೈದ್ಯರನ್ನು ಒಮ್ಮೆ ಕೇಳಿ.

ಒಣ ಬಿಸಿಲಿನ ಮಧ್ಯಾಹ್ನ ಕೋಣೆ 38 ದಾಟಿದರೆ ಬರೀ ಫ್ಯಾನನ್ನು ನಂಬಬಾರದು. ತೋಳು, ಕುತ್ತಿಗೆ, ಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಫ್ಯಾನ್ ಹಚ್ಚಿದರೆ ದೇಹ ಕೊಡಲಾರದ ಬೆವರನ್ನು ನಾವು ಹೊರಗಿನಿಂದ ಕೊಟ್ಟಂತಾಗುತ್ತದೆ. ಅಂಥ ದಿನ ಕೂಲರ್ ಕೂಡ ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಮೇ ಕೊನೆಯ ಧಗೆಯಲ್ಲಿ ನಮ್ಮ ಭಾಗದ ಕೋಣೆಗಳು ಬಹುತೇಕ 29ರಿಂದ 34 ಡಿಗ್ರಿಯೊಳಗೆ ಇರುತ್ತವೆ, ಅಲ್ಲಿ ಗಾಳಿಯಿಂದ ಹಾನಿಯ ಭಯವಿಲ್ಲ. ಕೋಣೆಯಲ್ಲಿ ಒಂದು ಉಷ್ಣಮಾಪಕ ತೂಗುಹಾಕಿದರೆ ಯಾವ ದಿನ ಯಾವ ಉಪಾಯ ಎಂಬುದನ್ನು ಅದೇ ಹೇಳುತ್ತದೆ, ತೇವಾಂಶವನ್ನೂ ತೋರಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಕಟ್ಟಡ ಕೆಲಸದ ಎಂಜಿನಿಯರ್, ಧಾರವಾಡ

ಚರ್ಚೆಯಲ್ಲಿ ಸ್ಲ್ಯಾಬಿನ ಮಾತು ಹಿಂದೆ ಉಳಿದಿದೆ. ಉಣಕಲ್‌ನವರ ಕೋಣೆಯಲ್ಲಿ ಅರ್ಧ ಸಮಸ್ಯೆ ಅಲ್ಲಿದೆ ಎಂದು ನನಗನಿಸುತ್ತದೆ.

ನಮ್ಮ ದೇಶದ ಜನರ ಅನುಭವವನ್ನೇ ಆಧರಿಸಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಶರ್ಮಾ ಮತ್ತು ಶರಾಫತ್ ಅಲಿ ಅವರು 1986ರಲ್ಲಿ ಉಷ್ಣವಲಯದ ಬೇಸಿಗೆ ಸೂಚ್ಯಂಕವೆಂಬ ಅಳತೆಯನ್ನು ಪ್ರಕಟಿಸಿದರು. ಇದರಲ್ಲಿ ಒದ್ದೆ ಉಷ್ಣಮಾಪಕದ ಅಂಕಿಯನ್ನು 0.308ರಿಂದ, ಗೋಲ ಉಷ್ಣಮಾಪಕದ ಅಂಕಿಯನ್ನು 0.745ರಿಂದ ಗುಣಿಸಿ ಕೂಡಿಸಿ, ಅದಕ್ಕೆ 0.841 ಸೇರಿಸಿ, ಗಾಳಿಯ ವೇಗದ ವರ್ಗಮೂಲವನ್ನು 2.06ರಿಂದ ಗುಣಿಸಿ ಕಳೆಯಬೇಕು. ಗೋಲ ಉಷ್ಣಮಾಪಕವೆಂದರೆ ಕಪ್ಪು ಬಳಿದ ಟೊಳ್ಳು ಗೋಳದೊಳಗೆ ಇಟ್ಟ ಉಷ್ಣಮಾಪಕ, ಅದು ಗಾಳಿಯ ಬಿಸಿಯ ಜೊತೆಗೆ ಗೋಡೆ ಮತ್ತು ಸ್ಲ್ಯಾಬಿನಿಂದ ಸೂಸುವ ಝಳವನ್ನೂ ಹಿಡಿಯುತ್ತದೆ. ಸೂಚ್ಯಂಕ 25ರಿಂದ 30ರೊಳಗಿದ್ದರೆ ಹೆಚ್ಚಿನವರಿಗೆ ಹಿತ, 27.5 ಅತ್ಯಂತ ಹಿತ.

ಧಗೆಯ ಒಂದು ರಾತ್ರಿ 29 ಡಿಗ್ರಿ, ತೇವಾಂಶ ಶೇಕಡಾ 75 ಎಂದಿಟ್ಟುಕೊಳ್ಳಿ. ಗಾಳಿ ನಿಂತಿದ್ದರೆ ಸೂಚ್ಯಂಕ 30.3, ಅಂದರೆ ಹಿತದ ಗೆರೆಯ ಆಚೆ. ಸೆಕೆಂಡಿಗೆ ಒಂದು ಮೀಟರ್ ಗಾಳಿ ಮೈಗೆ ತಾಗಿದರೆ 28.2, ಗೆರೆಯ ಈಚೆ ಆರಾಮವಾಗಿ ಬಂದಿತು. ಆದರೆ ಹಗಲೆಲ್ಲ ಕಾದ ಸ್ಲ್ಯಾಬ್ ಮಧ್ಯರಾತ್ರಿಯವರೆಗೂ ಶಾಖ ಸೂಸಿ ಗೋಲ ಉಷ್ಣಮಾಪಕವನ್ನು ಎರಡು ಡಿಗ್ರಿ ಏರಿಸಿದರೆ ಅದೇ ಗಾಳಿಯಲ್ಲಿ ಸೂಚ್ಯಂಕ 29.7 ಆಗುತ್ತದೆ. ಫ್ಯಾನ್ ಗಳಿಸಿದ್ದರ ಮುಕ್ಕಾಲು ಪಾಲನ್ನು ಸ್ಲ್ಯಾಬ್ ತಿಂದುಹಾಕಿತು. ಹಳ್ಳಿಯ ಮಾಳಿಗೆ ಮನೆಯಲ್ಲಿ ಅವ್ವನವರಿಗೆ ಬೀಸಣಿಗೆಯೊಂದೇ ಸಾಕಾಗುತ್ತಿದ್ದುದಕ್ಕೆ ಕಾರಣ ಆ ಮಣ್ಣಿನ ಮಾಳಿಗೆಯ ದಪ್ಪ. ಸ್ಲ್ಯಾಬಿನ ಮೇಲ್ಭಾಗಕ್ಕೆ ಪ್ರತಿ ಮಾರ್ಚ್‌ನಲ್ಲಿ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಿರುಗಿಸುವ ಬಿಳಿ ಬಣ್ಣ ಹಚ್ಚಿಸಿ, ಸಾಧ್ಯವಾದರೆ ಹಸಿರು ಪರದೆಯ ನೆರಳು ಕಟ್ಟಿಸಿ. ಆಗ ಒಳಗಿನ ಗಾಳಿ ತನ್ನ ಪೂರ್ತಿ ಕೆಲಸ ಮಾಡಬಲ್ಲದು.

ಸೂತ್ರದಲ್ಲಿ ವೇಗದ ವರ್ಗಮೂಲ ಇರುವುದನ್ನು ಗಮನಿಸಿ. ಕಾಲು ಮೀಟರ್ ವೇಗದ ಮೆಲುಗಾಳಿಯಿಂದಲೇ ಒಂದು ಮೀಟರ್ ಗಾಳಿಯ ಅರ್ಧ ಲಾಭ ಸಿಗುತ್ತದೆ. ನಿಂತ ಗಾಳಿಯನ್ನು ಸ್ವಲ್ಪ ಅಲುಗಿಸುವುದರಲ್ಲಿ ಬಹಳ ಗಳಿಕೆ ಇದೆ, ಜೋರು ಗಾಳಿಯನ್ನು ಇನ್ನೂ ಜೋರು ಮಾಡುವುದರಲ್ಲಿ ಅಷ್ಟಿಲ್ಲ. ಕೋಣೆಗೆ ಒಂದೇ ಕಿಟಕಿ ಇದ್ದರೆ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ರಾತ್ರಿ ಎಂಟರ ನಂತರ ಓಡಿಸಿ. ಸ್ಲ್ಯಾಬಿನ ಕೆಳಗೆ ನಿಂತ ಬಿಸಿ ಗಾಳಿ ಹೊರಹೋಗಿ ಪಡುವಣದ ತಂಪು ಒಳಗೆ ಬರುತ್ತದೆ. ಸಪ್ತಾಪುರದವರು ಹೇಳಿದ ಎದುರುಬದುರು ಕಿಟಕಿಯ ಮಾತನ್ನೇ ಯಂತ್ರದ ಸಹಾಯದಿಂದ ಮಾಡಿದಂತೆ.

ಉಣಕಲ್ ನಿವಾಸಿ, ಹುಬ್ಬಳ್ಳಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮಂಚ ಈಗ ಫ್ಯಾನಿನ ಕೆಳಗಿದೆ. ಕಂಡೆನ್ಸರ್ ಬದಲಿಸಿದ ಮೇಲೆ ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಹಾರಾಡುವುದನ್ನು ನೋಡಿ ಅವ್ವ ಹೊಸ ಫ್ಯಾನ್ ತಂದಿರೇನು ಎಂದು ಕೇಳಿದರು. ಫೋಮಿನ ಗಾದಿ ತೆಗೆದು ಹತ್ತಿಯ ಗಾದಿ ಹಾಕಿದ್ದೇವೆ, ಮೇಲೆ ಅವರದೇ ಹಳೆಯ ಸೀರೆ ಹಾಸಿದ್ದೇವೆ. ಧಗೆಯ ದಿನ ಕೂಲರಿಗೆ ನೀರು ಹಾಕುವುದಿಲ್ಲ. ಸ್ಲ್ಯಾಬಿಗೆ ಸುಣ್ಣವನ್ನು ಮಳೆ ಹಿಡಿಯುವ ಮುಂಚೆ ಹಚ್ಚಿಸಲಾಗಲಿಲ್ಲ, ಅದು ಮುಂದಿನ ಮಾರ್ಚ್‌ನ ಕೆಲಸ.

ರಾತ್ರಿ ಹತ್ತಕ್ಕೆ ಮಲಗಿದರೆ ಮೂರೂವರೆ ನಾಲ್ಕರವರೆಗೆ ಒಂದೇ ನಿದ್ದೆ ಮಾಡುತ್ತಾರೆ. ಆ ಹೊತ್ತಿಗೆ ಮಾತ್ರ ಚಳಿಯಾಗಿ ಎಚ್ಚರವಾಗುತ್ತದೆಯಂತೆ, ಕೌದಿ ಹೊದ್ದರೆ ಮತ್ತೆ ಬೆವರು, ತೆಗೆದರೆ ಚಳಿ. ಎದ್ದು ಹೋಗಿ ರೆಗ್ಯುಲೇಟರ್ ತಿರುಗಿಸುವಷ್ಟರಲ್ಲಿ ನಿದ್ದೆ ಪೂರ್ತಿ ಹೋಗುತ್ತದೆ. ಇದಕ್ಕೇನು ಮಾಡಬೇಕು?

ಬೆಟಗೇರಿಯ ಶಿಕ್ಷಕ, ಗದಗ

ಬಹಳ ಸಂತೋಷವಾಯಿತು. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ದೇಹದ ಒಳಗಿನ ಉಷ್ಣತೆ ಇಡೀ ದಿನದಲ್ಲೇ ಅತ್ಯಂತ ಕೆಳಗಿರುತ್ತದೆ, ಹೊರಗಿನ ಗಾಳಿಯೂ ಅದೇ ಹೊತ್ತಿಗೆ ತಣ್ಣಗಾಗಿರುತ್ತದೆ, ಸ್ಲ್ಯಾಬ್ ಕೂಡ ಆರಿರುತ್ತದೆ. ಹತ್ತು ಗಂಟೆಗೆ ಬೇಕಾಗಿದ್ದ ಗಾಳಿ ನಾಲ್ಕು ಗಂಟೆಗೆ ಹೆಚ್ಚಾಗುವುದು ಸಹಜ. 2008ರಲ್ಲಿ ಪ್ರಕಟವಾದ ಜಪಾನಿನ ಪರೀಕ್ಷೆಯೊಂದರಲ್ಲಿ 32 ಡಿಗ್ರಿ ಮತ್ತು ಶೇಕಡಾ 80 ತೇವಾಂಶದ ಕೋಣೆಯಲ್ಲಿ ಮಲಗಿದವರಿಗೆ ಸೆಕೆಂಡಿಗೆ 1.7 ಮೀಟರ್ ಗಾಳಿ ಕೊಟ್ಟಾಗ ರಾತ್ರಿಯ ಎಚ್ಚರ ಕಡಿಮೆಯಾಯಿತು. ಆದರೆ ಅದು ಬೆಳಗಿನವರೆಗೂ 32 ಡಿಗ್ರಿಯಲ್ಲೇ ಉಳಿದ ಕೋಣೆ. ಹುಬ್ಬಳ್ಳಿಯ ರಾತ್ರಿ ಹಾಗಿರುವುದಿಲ್ಲ.

ಕಟ್ಟಡ ಕೆಲಸದ ಎಂಜಿನಿಯರ್, ಧಾರವಾಡ

ಕಟ್ಟಡಗಳ ತಂಪು ಮತ್ತು ಗಾಳಿ ವ್ಯವಸ್ಥೆಗೆ ನಿಯಮ ರೂಪಿಸುವ ಅಮೆರಿಕದ ಆಶ್ರೇ ಸಂಸ್ಥೆಯ 55ನೆಯ ಮಾನದಂಡದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಚಾರವಿದೆ. ಕುಳಿತು ಕೆಲಸ ಮಾಡುವವರಿಗಾಗಿ ಬರೆದ ನಿಯಮವಾದರೂ ಇಲ್ಲಿಗೆ ಹೊಂದುತ್ತದೆ. ಗಾಳಿಯ ವೇಗ ಅವರ ಕೈಯಲ್ಲಿ ಇಲ್ಲದಿದ್ದರೆ ಸೆಕೆಂಡಿಗೆ 0.8 ಮೀಟರ್‌ವರೆಗೆ, ವೇಗವನ್ನು ಅವರೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದರೆ ಅದಕ್ಕಿಂತ ಹೆಚ್ಚೂ ಇರಬಹುದೆಂದು ಅದು ಹೇಳುತ್ತದೆ. ಅವ್ವನವರ ಕೋಣೆಯ ರೆಗ್ಯುಲೇಟರನ್ನು ಎದ್ದು ಹೋಗಿಯೇ ತಿರುಗಿಸಬೇಕಾದ್ದರಿಂದ ಗಾಳಿಯ ವೇಗ ಮಲಗಿದವರ ಕೈಯಲ್ಲಿಲ್ಲ.

ವೈರಿಂಗ್ ಕೆಲಸದವ, ಹಳೇ ಹುಬ್ಬಳ್ಳಿ

ಎರಡು ದಾರಿಗಳಿವೆ. ಇರುವ ಫ್ಯಾನನ್ನೇ ಇಟ್ಟುಕೊಳ್ಳುವುದಾದರೆ ಸ್ವಿಚ್ ಮತ್ತು ರೆಗ್ಯುಲೇಟರನ್ನು ಮಂಚದ ತಲೆಯ ಪಕ್ಕದ ಗೋಡೆಗೆ, ಮಲಗಿದಲ್ಲಿಂದ ಕೈಗೆ ಸಿಗುವ ಎತ್ತರಕ್ಕೆ ತರಬಹುದು. ಗೋಡೆ ಒಡೆಯದೆ ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರ್ ಎಳೆದರೆ ಅರ್ಧ ದಿನದ ಕೆಲಸ. ಹಳೆಯ ದಪ್ಪ ಡಬ್ಬಿಯ ರೆಗ್ಯುಲೇಟರ್ ಇದ್ದರೆ ಈಗಲೇ ತೆಗೆಸಿ, ಅದು ವೇಗ ತಗ್ಗಿಸಿದಾಗ ಉಳಿದ ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತದೆ.

ಬಿಎಲ್‌ಡಿಸಿ ಕೊಂಡರೆ ರಿಮೋಟ್ ಬರುತ್ತದೆ, ಹಲವದರಲ್ಲಿ ಇಂತಿಷ್ಟು ತಾಸಿನ ನಂತರ ವೇಗ ತಾನಾಗಿ ಇಳಿಯುವ ವ್ಯವಸ್ಥೆಯೂ ಇರುತ್ತದೆ. ಅಂಗಡಿಯಲ್ಲಿ ಅದನ್ನು ಕೇಳಿಯೇ ಕೊಳ್ಳಿ. ಪೂರ್ತಿ ಆರುವ ಟೈಮರ್ ಸಾಲದು, ಆರಿದರೆ ಸೊಳ್ಳೆ ಕೂರುತ್ತದೆ, ಬೆವರು ಮತ್ತೆ ಬರುತ್ತದೆ. ವೇಗ ಐದರಿಂದ ಎರಡಕ್ಕೆ ಇಳಿಯಬೇಕು. ರಿಮೋಟಿನ ಗುಂಡಿಗಳು ಚಿಕ್ಕವಾಗಿರುತ್ತವೆ, ಕತ್ತಲಲ್ಲಿ ಹಿರಿಯರಿಗೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ವೇಗ ಕಡಿಮೆ ಮಾಡುವ ಗುಂಡಿಯ ಮೇಲೆ ಒಂದು ಹನಿ ಫೆವಿಕಾಲ್ ಹಾಕಿ ಒಣಗಿಸಿದ್ದೇವೆ, ಬೆರಳಿಗೆ ಉಬ್ಬು ತಾಗುತ್ತದೆ. ರಿಮೋಟಿಗೆ ಒಂದು ಲಾಡಿ ಕಟ್ಟಿ ಅದನ್ನು ಮಂಚದ ತಲೆಗೆ ಬಿಗಿದಿದ್ದೇವೆ.

ಉಣಕಲ್ ನಿವಾಸಿ, ಹುಬ್ಬಳ್ಳಿ

ಲಾಡಿಯ ಉಪಾಯವನ್ನು ಅವ್ವನಿಗೆ ಓದಿ ಹೇಳಿದೆ. ಬಲಗಡೆ ಕಟ್ಟಿರಿ, ಎಡ ಮಗ್ಗುಲಿಗೆ ತಾನು ಮಲಗುವುದಿಲ್ಲ ಎಂದು ಹೇಳಿದ್ದಾರೆ. ಭಾನುವಾರ ಫ್ಯಾನ್ ತರಲು ಹೋಗುತ್ತಿದ್ದೇವೆ.